ಆ ಕೋಣೆ ಖಾಲಿಯಿಲ್ಲ

ಶಾಲೆಯಲ್ಲಿ ಒಂದು ಕೋಣೆ. ಹಾಜರಿ ಪುಸ್ತಕದ ಪ್ರಕಾರ ಅಲ್ಲಿ ಯಾವ ತರಗತಿಯೂ ನಡೆಯುವುದಿಲ್ಲ, ಹಾಗಾಗಿ ಕಚೇರಿಯ ಲೆಕ್ಕದಲ್ಲಿ ಅದು ಖಾಲಿ. ಆದರೆ ವಾರಕ್ಕೆ ಎರಡು ದಿನ ಸಂಗೀತದ ಪಾಠ ನಡೆಯುವುದು ಅಲ್ಲಿ. ಓದುವಾಗ ತಡವರಿಸುವ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಅಕ್ಷರ ತಿದ್ದಿಸುವುದು ಅಲ್ಲಿ. ಮನೆಯಲ್ಲಿ ಜಗಳ ನೋಡಿ ಬಂದ ಹುಡುಗಿಯ ಪಕ್ಕ ಕೂತು ಯಾರಾದರೂ ಸಮಾಧಾನ ಹೇಳುವುದೂ ಅಲ್ಲೇ. ಪಾಠ ಮಾಡಿದವರಿಗೆ ಇದು ಗೊತ್ತು, ಪಟ್ಟಿ ತಯಾರಿಸುವವರಿಗೆ ಗೊತ್ತಿರುವುದಿಲ್ಲ. ಅಮೆರಿಕದ ಲಾಸ್ ಏಂಜಲೀಸ್ ನಗರದ ಶಾಲಾ ಮಂಡಳಿಯಲ್ಲಿ ಜಾಕಿ ಗೋಲ್ಡ್‌ಬರ್ಗ್ ಮಾಡಿದ ಕೆಲಸವನ್ನು ತೂಗಿ ನೋಡಲು ಈ ಕೋಣೆಗಿಂತ ಒಳ್ಳೆಯ ಅಳತೆಗೋಲು ನನಗೆ ಕಾಣುವುದಿಲ್ಲ.

ನಮ್ಮಲ್ಲಿ ಶಾಲೆಗಳನ್ನು ಇಲಾಖೆ ನಡೆಸುತ್ತದೆ. ಅಮೆರಿಕದಲ್ಲಿ ಬಹುಮಟ್ಟಿಗೆ ಜನ ಆರಿಸಿ ಕಳಿಸಿದ ಸ್ಥಳೀಯ ಮಂಡಳಿ ನಡೆಸುತ್ತದೆ. ಲಾಸ್ ಏಂಜಲೀಸ್ ಮಂಡಳಿಯಲ್ಲಿ ಏಳೇ ಜನ. ಕೈಕೆಳಗೆ ಸುಮಾರು ನಾಲ್ಕು ಲಕ್ಷ ಮಕ್ಕಳು. ನ್ಯೂಯಾರ್ಕ್ ಬಿಟ್ಟರೆ ಆ ದೇಶದಲ್ಲಿ ಇಷ್ಟು ದೊಡ್ಡ ಶಾಲಾ ವ್ಯವಸ್ಥೆ ಇನ್ನೊಂದಿಲ್ಲ. ಆಯವ್ಯಯಕ್ಕೆ ಒಪ್ಪಿಗೆ ಕೊಡುವುದು, ಮುಖ್ಯ ಆಡಳಿತಾಧಿಕಾರಿಯನ್ನು ನೇಮಿಸುವುದು, ಶಿಕ್ಷಕರ ಸಂಬಳದ ಒಪ್ಪಂದಕ್ಕೆ ಮುದ್ರೆ ಒತ್ತುವುದು, ಎಲ್ಲವೂ ಈ ಏಳು ಜನರ ಕೈಯಲ್ಲಿ.

ಗೋಲ್ಡ್‌ಬರ್ಗ್ ಇಲ್ಲಿಗೆ ಬಂದದ್ದು ಕಾಂಪ್ಟನ್ ಎಂಬ ಬಡ ಪಟ್ಟಣದಲ್ಲಿ ಹಲವು ವರ್ಷ ಪಾಠ ಹೇಳಿದ ಮೇಲೆ. 1983ರಿಂದ 1991ರವರೆಗೆ ಮಂಡಳಿಯಲ್ಲಿದ್ದರು. ಆಮೇಲೆ ನಗರಸಭೆಗೆ, ಅಲ್ಲಿಂದ ಕ್ಯಾಲಿಫೋರ್ನಿಯಾದ ಶಾಸನಸಭೆಗೆ ಹೋದರು. 2019ರಲ್ಲಿ ಸದಸ್ಯರೊಬ್ಬರ ರಾಜೀನಾಮೆಯಿಂದ ತೆರವಾದ ಸ್ಥಾನಕ್ಕೆ ಉಪಚುನಾವಣೆ ನಡೆದಾಗ, ಎಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಮತ್ತೆ ಅದೇ ಮಂಡಳಿಗೆ ನಿಂತು, ಹತ್ತರಲ್ಲಿ ಏಳು ಮತ ಪಡೆದು ಗೆದ್ದರು. 2024ರ ಕೊನೆಯಲ್ಲಿ ನಿವೃತ್ತರಾದರು. ಶಾಸನಸಭೆಯ ತನಕ ಹೋದವರು ಶಾಲೆಯ ಬಾಗಿಲಿಗೆ ಮರಳುವುದು ಎಲ್ಲ ದೇಶಗಳಲ್ಲೂ ಅಪರೂಪವೇ. ಆ ಮರಳುವಿಕೆಯೇ ಅವರ ಮನಸ್ಸು ಎಲ್ಲಿತ್ತು ಎಂಬುದನ್ನು ಹೇಳುತ್ತದೆ.

ಎರಡು ಅವಧಿಗಳ ಕಾಲವೂ ಬೇರೆ, ಕಷ್ಟವೂ ಬೇರೆ. ಮೊದಲ ಅವಧಿಯಲ್ಲಿ ಮಕ್ಕಳು ತುಂಬಿ ತುಳುಕುತ್ತಿದ್ದರು, ಕೋಣೆಗಳಿರಲಿಲ್ಲ. 1978ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಆಸ್ತಿ ತೆರಿಗೆಗೆ ಮಿತಿ ಹಾಕಿದ್ದರಿಂದ ಶಾಲೆಗಳ ಸ್ಥಳೀಯ ವರಮಾನ ಸೊರಗಿತ್ತು. ಹೊಸ ಶಾಲೆ ಕಟ್ಟಲು ಹಣವಿಲ್ಲದೆ, 1990ರಲ್ಲಿ ಗೋಲ್ಡ್‌ಬರ್ಗ್ ಅಧ್ಯಕ್ಷೆಯಾಗಿದ್ದ ಮಂಡಳಿ, ವರ್ಷಪೂರ್ತಿ ಶಾಲೆ ನಡೆಸುವ ವೇಳಾಪಟ್ಟಿಯನ್ನು ಎಲ್ಲ ಕಡೆಗೂ ವಿಸ್ತರಿಸಲು ತೀರ್ಮಾನಿಸಿತು. ಒಂದು ತಂಡ ರಜೆಯಲ್ಲಿದ್ದಾಗ ಇನ್ನೊಂದು ತಂಡ ಅದೇ ಬೆಂಚುಗಳಲ್ಲಿ ಕೂರುವ ಏರ್ಪಾಡಿಗೆ ಇಕ್ಕಟ್ಟಿನ ಶಾಲೆಗಳು ಒಗ್ಗಿಕೊಂಡಿದ್ದವು. ಬೇಸಿಗೆ ರಜೆ ಒಡೆದುಹೋಗುತ್ತದೆಂದು ಪೋಷಕರು ಸಿಟ್ಟಾದರು. ಆ ಸಿಟ್ಟು ನ್ಯಾಯವೇ. ಆದರೆ ಅನುಕೂಲಸ್ಥರ ಬಡಾವಣೆಯ ಮಕ್ಕಳಿಗೆ ಹಳೆಯ ರಜೆ, ಬಡವರ ಕೇರಿಯ ಮಕ್ಕಳಿಗೆ ಮಾತ್ರ ಪಾಳಿ ಎನ್ನುವುದಕ್ಕಿಂತ, ಇರುವ ಕಷ್ಟವನ್ನು ಎಲ್ಲರೂ ಹಂಚಿಕೊಳ್ಳುವುದು ಸರಿಯಾದ ದಾರಿ. ಜನ ಮೆಚ್ಚದ ತೀರ್ಮಾನಕ್ಕೆ ಹೆಗಲು ಕೊಟ್ಟದ್ದನ್ನು ನಾನು ಅವರ ಖಾತೆಯಲ್ಲಿ ಜಮೆಯಾಗಿಯೇ ಬರೆಯುತ್ತೇನೆ.

ಎರಡನೆಯ ಸಲ ಬರುವಷ್ಟರಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿತ್ತು, ಕೋಣೆಗಳು ಉಳಿಯುತ್ತಿದ್ದವು. ಸರ್ಕಾರದ ಹಣದಲ್ಲೇ ನಡೆದರೂ ಸ್ವಂತ ಆಡಳಿತವಿರುವ ಶಾಲೆಗಳಿಗೆ ಅಲ್ಲಿ ಚಾರ್ಟರ್ ಶಾಲೆ ಎನ್ನುತ್ತಾರೆ. ಅವುಗಳಿಗೂ ಸಮಾನ ಸ್ಥಳ ಒದಗಿಸಬೇಕೆಂದು 2000ರಲ್ಲಿ ಮತದಾರರು ಒಪ್ಪಿದ ಕಾನೂನು ಹೇಳುತ್ತದೆ. ಹೀಗಾಗಿ ಒಂದೇ ಕಾಂಪೌಂಡಿನಲ್ಲಿ ಎರಡು ಶಾಲೆಗಳು ಒಕ್ಕಲು ಹೂಡಿದವು. ಆರಂಭದಲ್ಲಿ ಹೇಳಿದ ಆ ‘ಖಾಲಿ’ ಕೋಣೆಗಳ ತಕರಾರು ಹುಟ್ಟಿದ್ದು ಇಲ್ಲಿ. 2024ರ ಫೆಬ್ರುವರಿಯಲ್ಲಿ ಗೋಲ್ಡ್‌ಬರ್ಗ್ ಮುಂದಾಳತ್ವದಲ್ಲಿ ಮಂಡಳಿ ನಾಲ್ಕು–ಮೂರು ಮತಗಳಿಂದ ಹೊಸ ನೀತಿ ತಂದಿತು: ಹೆಚ್ಚು ಆಸರೆ ಬೇಕಾದ ಮಕ್ಕಳಿರುವ ಶಾಲೆಗಳಲ್ಲಿ ಇಂಥ ಒಕ್ಕಲನ್ನು ಆದಷ್ಟು ತಪ್ಪಿಸಬೇಕು. ಚಾರ್ಟರ್ ಶಾಲೆಗಳ ಸಂಘಟನೆ ನ್ಯಾಯಾಲಯದ ಮೆಟ್ಟಿಲೇರಿತು. ಅವರ ವಾದವನ್ನೂ ತಳ್ಳಿಹಾಕುವಂತಿಲ್ಲ. ಚಾರ್ಟರ್ ಶಾಲೆಗಳಿಗೆ ಹೋಗುವವರಲ್ಲಿಯೂ ಬಡವರ ಮಕ್ಕಳೇ ಬಹಳ, ಅವರಿಗೂ ಒಂದು ಸೂರು ಬೇಕು. ಆದರೂ ಸಂಗೀತದ ಕೋಣೆ, ಆಪ್ತಸಮಾಲೋಚನೆಯ ಕೋಣೆ ಕೂಡ ಶಾಲೆಯ ಅಂಗವೇ ಎಂಬ ಮಾತನ್ನು ಕಾಗದಕ್ಕೆ ಇಳಿಸಲು ಪಾಠ ಮಾಡಿದವರೇ ಬೇಕಾಯಿತು.

ಇನ್ನೊಂದು ದೃಶ್ಯ 2023ರ ಜೂನ್ ತಿಂಗಳದು. ಬಗೆಬಗೆಯ ಕುಟುಂಬಗಳ ಬಗ್ಗೆ ಹೇಳುವ ಮಕ್ಕಳ ಪುಸ್ತಕವೊಂದನ್ನು ಒಂದು ಪ್ರಾಥಮಿಕ ಶಾಲೆಯಲ್ಲಿ ಓದಿಸುವುದನ್ನು ವಿರೋಧಿಸಿ ಕೆಲವು ಪೋಷಕರು ಬೀದಿಗಿಳಿದಿದ್ದರು. ಅಜ್ಜಿ–ತಾತನ ಜೊತೆ ಬೆಳೆಯುವ ಮಕ್ಕಳು, ತಾಯಿ ಒಬ್ಬಳೇ ಸಾಕುವ ಮಕ್ಕಳು ಇರುವಂತೆ ಇಬ್ಬರು ಅಮ್ಮಂದಿರು, ಇಬ್ಬರು ಅಪ್ಪಂದಿರು ಇರುವ ಮನೆಗಳೂ ಆ ಪುಸ್ತಕದಲ್ಲಿವೆ. ಅಧ್ಯಕ್ಷೆ ಗೋಲ್ಡ್‌ಬರ್ಗ್ ಮಂಡಳಿಯ ಸಭೆಯಲ್ಲೇ ಪುಸ್ತಕ ತೆರೆದು, ತರಗತಿಯಲ್ಲಿ ಓದುವಂತೆ ಗಟ್ಟಿಯಾಗಿ ಓದಿದರು. ಸಂಗಾತಿಯೊಂದಿಗೆ ಮಗನನ್ನು ಬೆಳೆಸಿದ ತಾಯಿ ಅವರು. ಓದುತ್ತ, ಮಾತಾಡುತ್ತ ದನಿ ಕಟ್ಟಿತು, ಕೋಪವೂ ಬಂತು. ಯಾವುದರ ಮೇಲೆ ಗಲಾಟೆ ನಡೆಯುತ್ತಿದೆಯೋ ಅದನ್ನು ಮೊದಲು ಓದಿ ನೋಡೋಣ ಎನ್ನುವುದು ಒಳ್ಳೆಯ ಟೀಚರ ಕ್ರಮ. ಅದರ ಬೆಲೆ ದೊಡ್ಡದು. ಆದರೆ ವಿರೋಧಿಸಿದ ಪೋಷಕರ ಆತಂಕ ಆ ಕೋಪದಿಂದ ಕರಗುವಂಥದ್ದಲ್ಲ. ಅವರನ್ನು ಕೂರಿಸಿಕೊಂಡು ಮಾತಾಡುವ ಕೆಲಸ ಆಮೇಲೂ ಉಳಿದೇ ಇತ್ತು.

ಇಲ್ಲಿಗೆ ಅವರ ಕೆಲಸದ ನಿಜವಾದ ಇತಿಮಿತಿಗೆ ಬಂದೆವು. ಗೋಲ್ಡ್‌ಬರ್ಗ್ ಗೆಲುವಿನ ಹಿಂದೆ ಶಿಕ್ಷಕರ ಸಂಘದ ಬಲವಿತ್ತು. ಮಂಡಳಿಯೋ ಶಿಕ್ಷಕರಿಗೆ ಸಂಬಳ ಕೊಡುವ ಧಣಿ. ಸಂಬಳ ಕೇಳುವವರ ಬಳಗದವರೇ ಸಂಬಳ ಕೊಡುವ ಕುರ್ಚಿಯಲ್ಲಿ ಕೂತರೆ ತಕ್ಕಡಿ ಯಾವ ಕಡೆ ವಾಲುತ್ತದೆ? ಒರೆಗೆ ಹಚ್ಚಿದ್ದು ಕೋವಿಡ್. 2020ರ ಮಾರ್ಚ್‌ನಲ್ಲಿ ಮುಚ್ಚಿದ ಲಾಸ್ ಏಂಜಲೀಸ್ ಶಾಲೆಗಳು ಮತ್ತೆ ತೆರೆಯತೊಡಗಿದ್ದು 2021ರ ಏಪ್ರಿಲ್ ನಡುವಿಗೆ. ಶಿಕ್ಷಕರ ಭಯ ಮಂಡಳಿಯ ಮೇಜಿನವರೆಗೆ ಚೆನ್ನಾಗಿಯೇ ಕೇಳಿಸಿತು. ಕೇಳಿಸಬೇಕಾದದ್ದೇ, ಏಕೆಂದರೆ ಜನ ಸಾಯುತ್ತಿದ್ದರು. ಆದರೆ ಎರಡು ಕೋಣೆಯ ಮನೆಯಲ್ಲಿ ತಮ್ಮ–ತಂಗಿಯರ ಗದ್ದಲದ ನಡುವೆ ಪರದೆ ನೋಡುತ್ತಾ ಕೂತ ಮಗುವಿನ ದನಿ ಅಷ್ಟೇ ಜೋರಾಗಿ ಅಲ್ಲಿಗೆ ತಲುಪಲಿಲ್ಲ. ಖಾಲಿ ಎನ್ನುವ ಕೋಣೆಯಲ್ಲಿ ಮಗುವನ್ನು ಕಂಡ ಕಣ್ಣು, ಶಾಲೆಯೇ ನಿಜವಾಗಿ ಖಾಲಿಯಾದಾಗ ಆ ಮಗುವನ್ನು ಸಾಕಷ್ಟು ಬೇಗ ಹುಡುಕಲಿಲ್ಲ. ಇದನ್ನು ಹೇಳುವಾಗ ನಮ್ಮ ಎದೆಯನ್ನೂ ಮುಟ್ಟಿಕೊಳ್ಳಬೇಕು. ಕರ್ನಾಟಕದಲ್ಲಿ ಒಂದರಿಂದ ಐದನೇ ತರಗತಿ ಮತ್ತೆ ಶುರುವಾದದ್ದು ಅದಕ್ಕಿಂತಲೂ ತಡವಾಗಿ, 2021ರ ಅಕ್ಟೋಬರ್ 25ರಂದು.

ಹಾಗಾದರೆ ಶಿಕ್ಷಕರು ಮಂಡಳಿಗೆ ಬರಬಾರದೇ? ಬರಬೇಕು ಎನ್ನುವುದೇ ನನ್ನ ಉತ್ತರ, ಆದರೆ ಎಲ್ಲರ ಮತದಿಂದ ಬರಬೇಕು. ಗೋಲ್ಡ್‌ಬರ್ಗ್‌ಗೆ ಮತ ಹಾಕುವ ಇಲ್ಲವೇ ಹಾಕದಿರುವ ಹಕ್ಕು ಅವರ ಕ್ಷೇತ್ರದ ಸಮಸ್ತ ಮತದಾರರಿಗಿತ್ತು. ಟೀಚರ್ ಆಗಿದ್ದರೆಂಬ ಕಾರಣಕ್ಕೆ ಯಾರೂ ಅವರನ್ನು ಪ್ರಶ್ನಿಸದೆ ಬಿಡಲಿಲ್ಲ. ನಮ್ಮಲ್ಲಿ ಶಿಕ್ಷಕರಿಗಾಗಿ ವಿಧಾನ ಪರಿಷತ್ತಿನಲ್ಲೇ ಏಳು ಸ್ಥಾನಗಳಿವೆ. ದೈಹಿಕ ಶಿಕ್ಷಣ ಶಿಕ್ಷಕರಾಗಿದ್ದ ಬಸವರಾಜ ಹೊರಟ್ಟಿ 1980ರಿಂದ ಆರಂಭಿಸಿ 2022ರವರೆಗೆ ಎಂಟು ಸಲ ಗೆದ್ದದ್ದು ಅಂಥ ಸ್ಥಾನದಿಂದಲೇ. ಅಲ್ಲಿ ಮತ ಹಾಕುವವರು ಶಿಕ್ಷಕರು ಮಾತ್ರ, ಅದರಲ್ಲೂ ಪ್ರೌಢಶಾಲೆ ಮತ್ತು ಅದಕ್ಕೂ ಮೇಲಿನವರು. ಅಕ್ಷರ ಕಲಿಸುವ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಆ ಮತವಿಲ್ಲ, ಮಗುವಿನ ತಾಯಿಗಂತೂ ಇಲ್ಲವೇ ಇಲ್ಲ. ಶಿಕ್ಷಕರ ಕಷ್ಟ ಹೇಳಲು ಇದು ಸಾಕಾದೀತು, ಶಾಲೆಯ ಕಷ್ಟ ಹೇಳಲು ಸಾಲದು.

ಶಾಲೆಯ ಕಷ್ಟ ಹೇಳಲು ನಮ್ಮಲ್ಲಿರುವುದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ. ಇಂಥ ಶಾಲಾ ಆಡಳಿತ ಸಮಿತಿಯ ಮುಕ್ಕಾಲು ಪಾಲು ಪೋಷಕರದೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಅದು ಸರಿಯಾದ ಲೆಕ್ಕ. ಉಳಿದ ಕಾಲು ಪಾಲಿನಲ್ಲಿ ಊರಿನ ಶಿಕ್ಷಣ ಬಲ್ಲವರಿಗೂ ಜಾಗವಿದೆ ಎಂದು ಕೇಂದ್ರದ ಮಾದರಿ ನಿಯಮ ಸೂಚಿಸುತ್ತದೆ. ಗೋಲ್ಡ್‌ಬರ್ಗ್ ವೃತ್ತಿಜೀವನ ಕಲಿಸುವ ಪಾಠಕ್ಕೆ ಈ ಅಳತೆ ಚೆನ್ನಾಗಿ ಹೊಂದುತ್ತದೆ: ಪಾಠ ಮಾಡಿದವರ ಕಣ್ಣು ಸಮಿತಿಯಲ್ಲಿರಬೇಕು, ಅವರನ್ನು ಕೇಳುವ ಬಾಯಿ ಪೋಷಕರದಾಗಿರಬೇಕು.

ನಿವೃತ್ತರಾದ ಮೇಷ್ಟ್ರೇ, ಟೀಚರೇ, ಸನ್ಮಾನದ ಶಾಲು ಮಡಿಸಿಟ್ಟು ಒಮ್ಮೆ ನಿಮ್ಮೂರ ಶಾಲೆಯ ಸಭೆಗೆ ಹೋಗಿ. ಯಾವ ಕೋಣೆ ಖಾಲಿ, ಯಾವುದು ಖಾಲಿಯಲ್ಲ ಎಂದು ಅಲ್ಲಿ ಬಿಡಿಸಿ ಹೇಳಿ. ಕೂಲಿ ಬಿಟ್ಟು ಸಭೆಗೆ ಬಂದ ತಾಯಿಯೊಬ್ಬಳು ಎದ್ದು ನಿಂತು ಪ್ರಶ್ನೆ ಕೇಳಿದರೆ, ಪಾಠ ಹೇಳಲು ಹೋಗದೆ ಉತ್ತರ ಕೊಡಿ.