ಗೂಟದ ಬಟ್ಟೆ

ನೆನೆದ ಜೀನ್ಸ್ ಪ್ಯಾಂಟನ್ನು ಬಕೆಟ್ಟಿನಿಂದ ಒಂದೇ ಕೈಯಲ್ಲಿ ಎತ್ತಲು ಹೋದವರಿಗೆ ಅದರ ಭಾರ ಗೊತ್ತು. ಒಗೆಯುವ ಕಲ್ಲಿನ ಮೇಲೆ ಹರವಿ, ಸೋಪು ಹಚ್ಚಿ ಬ್ರಷ್ಷಿನಲ್ಲಿ ಉಜ್ಜಿದರೆ ತೊಡೆಯ ಭಾಗದಿಂದ ನೀಲಿ ನೀರು ಇಳಿಯುತ್ತದೆ. ಎಷ್ಟು ಜಾಲಿಸಿದರೂ ಇಳಿಯುತ್ತಲೇ ಇರುತ್ತದೆ. ಸೊಂಟದ ಪಟ್ಟಿ, ಜೇಬಿನ ಅಂಚು, ಕಾಲಿನ ಮಡಿಕೆ ಉಜ್ಜಿ ಮುಗಿಸುವಷ್ಟರಲ್ಲಿ ಬೆರಳ ಗೆಣ್ಣು ಕೆಂಪಾಗಿರುತ್ತದೆ. ಹಿಂಡುವುದಂತೂ ಒಬ್ಬರಿಂದ ಆಗುವ ಕೆಲಸವಲ್ಲ. ಅಣ್ಣ ಶಿವಮೊಗ್ಗದಲ್ಲಿ ಕಾಲೇಜಿಗೆ ಸೇರಿ ತನ್ನ ಮೊದಲ ಜೀನ್ಸ್ ಕೊಂಡು ತಂದ ವರ್ಷ ಅಮ್ಮ ಒಂದು ತುದಿ, ನಾನೊಂದು ತುದಿ ಹಿಡಿದು ಎದುರುಬದುರು ನಿಂತು ತಿರುಪುತ್ತಿದ್ದೆವು. ಮಳೆಗಾಲ ಬೇರೆ. ಬಚ್ಚಲೊಲೆಯ ಮೇಲಿನ ಗಳದಲ್ಲಿ ಮೂರು ದಿನ ನೇತಾಡಿದರೂ ಜೇಬಿನೊಳಗೆ ಕೈ ಹಾಕಿದರೆ ತಣ್ಣಗೆ, ಒದ್ದೆ. "ಇದನ್ನ ವಾರಕ್ಕೊಂದು ಸಲ ಒಗೆಯೋದೇ ಹೆಚ್ಚು ಮಾರಾಯ. ಹಾಕ್ಕಳೋನು ನೀನು, ಒಗೆಯೋಳು ನಾನು" ಎಂದು ಅಮ್ಮ ಅಣ್ಣನಿಗೆ ಹೇಳಿದ್ದು ನನಗಿನ್ನೂ ನೆನಪಿದೆ.

ಜೀನ್ಸನ್ನು ಎಷ್ಟು ದಿನಕ್ಕೊಮ್ಮೆ ಒಗೆಯಬೇಕು ಎಂದು ಕೇಳಿದರೆ ಇವತ್ತು ಎರಡು ಉತ್ತರ ಸಿಗುತ್ತವೆ. ಒಂದು, ನಮ್ಮ ಬಹುಪಾಲು ಮನೆಗಳದು: ಮೈಮೇಲಿಂದ ಇಳಿದದ್ದೆಲ್ಲ ಒಗೆತಕ್ಕೆ. ಇನ್ನೊಂದು ಹೊರಗಿನಿಂದ ಬಂದದ್ದು: ಜೀನ್ಸ್ ಒಗೆಯಲೇಬೇಡಿ, ಅಥವಾ ಆದಷ್ಟು ತಡವಾಗಿ ಒಗೆಯಿರಿ. ಎರಡನ್ನೂ ನಾನು ಅನುಸರಿಸಿ ನೋಡಿದ್ದೇನೆ. ಎರಡರಲ್ಲೂ ಸತ್ಯವಿದೆ, ಎರಡೂ ನಮಗೆ ಪೂರ್ತಿ ಹೊಂದುವುದಿಲ್ಲ.

ಎರಡನೆಯದಕ್ಕೆ ಹೆಚ್ಚು ಪ್ರಚಾರ ಸಿಕ್ಕಿದ್ದು 2014ರಲ್ಲಿ. ಲೀವೈಸ್ ಕಂಪನಿಯ ಮುಖ್ಯಸ್ಥರಾಗಿದ್ದ ಚಿಪ್ ಬರ್ಗ್ ಪರಿಸರ ಕುರಿತ ಸಮ್ಮೇಳನವೊಂದರಲ್ಲಿ, ತಾವು ತೊಟ್ಟಿರುವ ಜೀನ್ಸಿಗೆ ಒಂದು ವರ್ಷವಾಯಿತು, ಅದಿನ್ನೂ ವಾಷಿಂಗ್ ಮಷೀನ್ ಕಂಡಿಲ್ಲ ಎಂದರು. ಸುದ್ದಿ ಜಗತ್ತೆಲ್ಲ ಸುತ್ತಿತು. ಕಲೆಯಾದ ಜಾಗವನ್ನಷ್ಟೇ ಉಜ್ಜುತ್ತೇನೆ, ಬೇಕಾದಾಗ ಕೈಯಲ್ಲೇ ತೊಳೆದು ಹಗ್ಗಕ್ಕೆ ಹಾಕುತ್ತೇನೆ ಎಂದು ಆಮೇಲೆ ಅವರು ಕೊಟ್ಟ ವಿವರಣೆ ಅಷ್ಟು ದೂರ ಹೋಗಲಿಲ್ಲ. ಮರುವರ್ಷ ಕಂಪನಿ ಒಂದು ಲೆಕ್ಕ ಹೊರಡಿಸಿತು: ಹತ್ತಿ ಬೆಳೆಯುವಲ್ಲಿಂದ ಹಿಡಿದು ಬಟ್ಟೆ ಬಿಸಾಡುವವರೆಗೆ ಒಂದು ಜೀನ್ಸಿಗೆ ತಗಲುವ ನೀರು 3,781 ಲೀಟರ್. ಅದರಲ್ಲಿ ಶೇಕಡ 68 ಹತ್ತಿಯ ಹೊಲಕ್ಕೆ, ಶೇಕಡ 23 ಕೊಂಡವರ ಮನೆಯ ಒಗೆತಕ್ಕೆ. ಎರಡು ಸಲ ತೊಟ್ಟು ಒಗೆಯುವ ಬದಲು ಹತ್ತು ಸಲ ತೊಟ್ಟು ಒಗೆದರೆ ಮನೆಯಲ್ಲಿ ಖರ್ಚಾಗುವ ನೀರು, ವಿದ್ಯುತ್ತು ಶೇಕಡ 80ರವರೆಗೆ ಉಳಿಯುತ್ತದೆ ಎಂಬುದೂ ಅದೇ ಲೆಕ್ಕ. ಜೀನ್ಸ್ ಮಾರುವವರೇ ಹೀಗೆ ಹೇಳಿದ್ದನ್ನು ನಾನು ಮೆಚ್ಚುತ್ತೇನೆ. ಬಟ್ಟೆಯ ಬಾಳಿಕೆಗೂ ಅದು ಒಳ್ಳೆಯದು. ಡೆನಿಮ್‌ನಲ್ಲಿ ಹಾಸಿನ ನೂಲಿಗೆ ಮಾತ್ರ ನೀಲಿ ಬಣ್ಣ, ಹೊಕ್ಕಿನ ನೂಲು ಬಿಳಿ. ಜೀನ್ಸ್ ಒಳಮಗ್ಗುಲಲ್ಲಿ ತಿಳಿಯಾಗಿ ಕಾಣುವುದು ಅದಕ್ಕೇ. ಆ ನೀಲಿಯೂ ನೂಲಿನ ತಿರುಳಿಗೆ ಇಳಿದಿರುವುದಿಲ್ಲ, ಸುತ್ತ ಬಳೆಯಂತೆ ಅಂಟಿಕೊಂಡಿರುತ್ತದೆ. ಪ್ರತಿ ಉಜ್ಜಿಗೂ ಒಂದಿಷ್ಟು ಕಳಚಿಕೊಳ್ಳುತ್ತದೆ. ಜತೆಗೆ, ಬಳ್ಳಾರಿಯಂಥ ಊರುಗಳಲ್ಲಿ ಹೊಲಿದ ಪ್ಯಾಂಟು ಅಂಗಡಿಗೆ ಬರುವ ಮೊದಲೇ ವಾಷಿಂಗ್ ಯೂನಿಟ್ಟುಗಳ ದೊಡ್ಡ ಡ್ರಮ್ಮುಗಳಲ್ಲಿ ಉರುಳಿ, ಮೆದುವಾಗಿ, ಬೇಕೆಂದೇ ಮಾಸಿಸಿಕೊಂಡು ಬಂದಿರುತ್ತದೆ. ನಾವು ಹೊಸದೆಂದು ಕೊಳ್ಳುವಾಗಲೇ ಅದರ ಆಯುಷ್ಯ ಒಂದಿಷ್ಟು ನೀರಲ್ಲಿ ಹೋಗಿದೆ.

ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಒಂದೇ ಜೀನ್ಸನ್ನು ಒಗೆಯದೆ 15 ತಿಂಗಳು ತೊಟ್ಟ ಕತೆಯನ್ನು ಒಗೆಯದಿರುವ ಪಕ್ಷದವರು ಮತ್ತೆ ಮತ್ತೆ ಹೇಳುತ್ತಾರೆ. 2011ರಲ್ಲಿ ವರದಿಯಾದ ಆ ಪ್ರಯೋಗದಲ್ಲಿ ಬಟ್ಟೆಯ ಮೇಲಿನ ಬ್ಯಾಕ್ಟೀರಿಯಾ ಎಣಿಸಿದರು. ಆಮೇಲೆ ಒಗೆದು, 13 ದಿನ ತೊಟ್ಟು ಮತ್ತೆ ಎಣಿಸಿದರು. ಎರಡು ಎಣಿಕೆಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಸಿಕ್ಕಿದ್ದು ನಮ್ಮೆಲ್ಲರ ಚರ್ಮದ ಮೇಲೆ ಸಹಜವಾಗಿ ಇರುವಂಥವೇ. ಪ್ರಯೋಗ ಸರಿಯಾಗಿಯೇ ನಡೆದಿದೆ. ಆದರೆ ನಡೆದದ್ದು ಆ ವಿಶ್ವವಿದ್ಯಾಲಯವಿರುವ ಎಡ್ಮಂಟನ್‌ನ ಚಳಿಯಲ್ಲಿ, ಒಣ ಹವೆಯಲ್ಲಿ, ಒಬ್ಬನ ಮೈಮೇಲೆ. ಲೀವೈಸ್ ಕಂಪನಿಯ ಕೇಂದ್ರವಿರುವ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬೇಸಿಗೆಯೂ ನಮ್ಮ ಮಡಿಕೇರಿಯ ಚಳಿಗಾಲದಂತಿರುತ್ತದೆ. ಎಷ್ಟು ಸಲ ತೊಟ್ಟು ಒಗೆಯುತ್ತೀರಿ ಎಂದು ಕಂಪನಿ ಕೇಳಿದ್ದು ಅಮೆರಿಕ, ಬ್ರಿಟನ್, ಫ್ರಾನ್ಸ್, ಚೀನಾದ ಗ್ರಾಹಕರನ್ನು. ಮೇ ತಿಂಗಳ ರಾಯಚೂರಿನಲ್ಲಿ ಬಸ್ಸಿಗೆ ಕಾದು ನಿಲ್ಲುವ ಹುಡುಗನನ್ನಾಗಲಿ, ಜುಲೈ ತಿಂಗಳ ಮಂಗಳೂರಿನಲ್ಲಿ ಅರ್ಧ ಒದ್ದೆ ಪ್ಯಾಂಟು ಏರಿಸಿಕೊಂಡು ಕಾಲೇಜಿಗೆ ಓಡುವ ಹುಡುಗಿಯನ್ನಾಗಲಿ ಯಾರೂ ಕೇಳಿಲ್ಲ.

ನಮ್ಮ ಸೆಕೆಯಲ್ಲಿ ಬಿಗಿಯಾದ ದಪ್ಪ ಬಟ್ಟೆ ತೊಡೆಸಂದಿಯಲ್ಲಿ ಬೆವರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹುಳುಕಡ್ಡಿಗೆ ಬೇಕಾದದ್ದೂ ಅಷ್ಟೇ: ಬಿಸಿ, ಪಸೆ, ಗಾಳಿಯಿಲ್ಲದ ಜಾಗ. ಈ ಕಾಯಿಲೆ ನಮ್ಮಲ್ಲಿ ಈಗ ಬೇಗ ಬಗ್ಗುತ್ತಿಲ್ಲ ಎಂದು ಚರ್ಮದ ಡಾಕ್ಟರುಗಳು ಹೇಳುತ್ತಲೇ ಇದ್ದಾರೆ. ಹುಳುಕಡ್ಡಿ ಬಂದವರಿಗೆ ಅವರ ಮೊದಲ ಬುದ್ಧಿಮಾತೇ ಜೀನ್ಸ್ ಬಿಟ್ಟು ಸಡಿಲ ಹತ್ತಿ ಬಟ್ಟೆ ಹಾಕಿ, ದಿನವೂ ಬದಲಿಸಿ, ಬಿಸಿನೀರಲ್ಲಿ ಒಗೆದು ಬಿಸಿಲಲ್ಲಿ ಒಣಗಿಸಿ ಎಂಬುದು. ಅಂಥವರ ಮುಂದೆ ಹತ್ತು ಸಲದ ಲೆಕ್ಕ ಹೇಳುವುದು ತಪ್ಪು. ಜೀನ್ಸನ್ನು ರಾತ್ರಿ ಫ್ರೀಜರಿನಲ್ಲಿಟ್ಟರೆ ಶುಚಿಯಾಗುತ್ತದೆ ಎಂಬ ಉಪಾಯವನ್ನಂತೂ ಬಿಟ್ಟುಬಿಡಬೇಕು. ಪ್ರಯೋಗಾಲಯಗಳಲ್ಲಿ ಬ್ಯಾಕ್ಟೀರಿಯಾವನ್ನು ವರ್ಷಗಟ್ಟಲೆ ಜೀವಂತ ಕಾಪಾಡುವುದೇ ಹೆಪ್ಪುಗಟ್ಟಿಸಿ. ಚಳಿಗೆ ಅವು ಮಲಗುತ್ತವೆ, ಮೈಬಿಸಿ ತಾಗಿದೊಡನೆ ಏಳುತ್ತವೆ.

ಇನ್ನು ನಮ್ಮ ಕಡೆಯ ಉತ್ತರ. ಮೈಮೇಲಿಂದ ಇಳಿದದ್ದೆಲ್ಲ ಒಗೆತಕ್ಕೆ ಎಂಬುದು ನಮ್ಮ ಸಂಪ್ರದಾಯ ಎಂದು ಬಹಳ ಜನ ನಂಬಿದ್ದಾರೆ. ಅಜ್ಜಿಯ ಮನೆಯನ್ನು ಕಣ್ಣ ಮುಂದೆ ತಂದುಕೊಂಡರೆ ನನಗೆ ಹಾಗನ್ನಿಸುವುದಿಲ್ಲ. ಹತ್ತಿಯ ಸೀರೆಯನ್ನು ಅಜ್ಜಿ ನಿತ್ಯ ನೀರಲ್ಲಿ ಅದ್ದಿ, ಯಾರೂ ಮುಟ್ಟದಂತೆ ಕೋಲಿನಿಂದ ಗಳಕ್ಕೆ ಏರಿಸುತ್ತಿದ್ದರು. ಸೋಪು ಕಾಣದಿದ್ದರೂ ಅದು ಮಡಿ. ಪೂಜೆಯ ಮಗುಟವನ್ನು ನಿತ್ಯ ಒಗೆಯುತ್ತಿರಲಿಲ್ಲ, ಬಿಚ್ಚಿ ಬೇರೆ ಇಡುತ್ತಿದ್ದರು, ಅದೂ ಮಡಿಯೇ. ಕಂಬಳಿಗೆ ಮೈಲಿಗೆಯೇ ಇಲ್ಲ ಎನ್ನುತ್ತಿದ್ದರು. ಮದುವೆಗೆ ಉಟ್ಟ ರೇಷ್ಮೆ ಸೀರೆ ಮನೆಗೆ ಬಂದೊಡನೆ ನೆರಳಲ್ಲಿ ಗಾಳಿಗೆ ಹರವಿ, ಬೆವರು ಆರಿದ ಮೇಲೆ ಮಡಿಸಿ ಬಿಳಿ ಪಂಚೆಯಲ್ಲಿ ಸುತ್ತಿಡುತ್ತಿದ್ದರು. ಅಂದರೆ ನೀರಿಗೆ ಹಾಕುವ ಬಟ್ಟೆ ಯಾವುದು, ಗಾಳಿಗೆ ಹಾಕುವ ಬಟ್ಟೆ ಯಾವುದು ಎಂಬ ವಿವೇಕ ಮನೆಯಲ್ಲಿತ್ತು. ಆ ವಿವೇಕದ ಹಿಂದೆ ಇನ್ನೊಂದು ಸಂಗತಿಯೂ ಇತ್ತು, ಅದನ್ನು ಮುಚ್ಚಿಡಲಾರೆ. ಮಡಿ ನೋಡುತ್ತಿದ್ದದ್ದು ಕೊಳೆಯನ್ನಲ್ಲ, ಮುಟ್ಟಿದವರು ಯಾರು ಎಂಬುದನ್ನು. ಊರಿನ ಬಟ್ಟೆಯನ್ನೆಲ್ಲ ಗಂಟು ಕಟ್ಟಿ ಹೊತ್ತು, ಉಬ್ಬೆಗಿಟ್ಟು, ಕೆರೆಯ ಕಲ್ಲಿಗೆ ಬಡಿದು ತಂದುಕೊಟ್ಟ ಅಗಸರನ್ನು ಊರು ಜಗಲಿಯ ಹೊರಗೇ ನಿಲ್ಲಿಸಿತು. 12ನೇ ಶತಮಾನದ ಕಲ್ಯಾಣದಲ್ಲಿ ಮಡಿವಾಳ ಮಾಚಿದೇವರು ಶರಣರ ಬಟ್ಟೆ ಒಗೆಯುವುದನ್ನೇ ಕಾಯಕವೆಂದು ತಲೆಯೆತ್ತಿ ಮಾಡಿದ್ದು ಎಷ್ಟು ದೊಡ್ಡ ಮಾತು ಎಂಬುದು ಈ ಹಿನ್ನೆಲೆಯಲ್ಲಿ ನೋಡಿದಾಗ ತಿಳಿಯುತ್ತದೆ.

ಅಜ್ಜಿಯ ಮನೆಯ ಪಡಸಾಲೆಯ ಗೋಡೆಯಲ್ಲಿ ಸಾಲಾಗಿ ಗೂಟಗಳಿದ್ದವು. ಪೇಟೆಗೆ ಹೋಗಿ ಬಂದ ಅಜ್ಜ ಅಂಗಿ ಕಳಚಿ ಗೂಟಕ್ಕೆ ಹಾಕುತ್ತಿದ್ದರು. ಅದು ಒಗೆದ ಬಟ್ಟೆಯೂ ಅಲ್ಲ, ಕೊಳೆ ಬಟ್ಟೆಯೂ ಅಲ್ಲ, ಗೂಟದ ಬಟ್ಟೆ. ರಾತ್ರಿಯೆಲ್ಲ ಗಾಳಿಯಾಡಿ ಬೆಳಿಗ್ಗೆ ಮತ್ತೆ ಮೈಗೇರುತ್ತಿತ್ತು. ನಮ್ಮ ಈಗಿನ ಮನೆಗಳಲ್ಲಿ ಕಳೆದುಹೋಗಿರುವುದು ಈ ನಡುವಿನ ಜಾಗ. ಒಂದು ಕಡೆ ಇಸ್ತ್ರಿಯ ಬಟ್ಟೆಯ ಕಪಾಟು, ಇನ್ನೊಂದು ಕಡೆ ವಾಷಿಂಗ್ ಮಷೀನಿನ ಪಕ್ಕದ ಬುಟ್ಟಿ. ಎರಡು ಗಂಟೆ ತೊಟ್ಟ ಪ್ಯಾಂಟನ್ನು ಕಪಾಟಿಗೆ ಇಡಲು ಮನಸ್ಸು ಬಾರದು, ಬೇರೆ ಜಾಗವಿಲ್ಲ, ಬುಟ್ಟಿಗೆ ಬೀಳುತ್ತದೆ. ಮಷೀನು ಬಂದು ಒಗೆಯುವ ಕಷ್ಟವನ್ನು ಇಳಿಸಿತು, ಅದು ದೊಡ್ಡ ಉಪಕಾರ. ನನ್ನ ಅಮ್ಮನ ಸೊಂಟ ಉಳಿದದ್ದೇ ಅದರಿಂದ. ಆದರೆ ಒಗೆಯುವ ಬಟ್ಟೆಯ ರಾಶಿಯನ್ನೂ ಅದು ಬೆಳೆಸಿತು.

ದಿನ ಎಣಿಸುವುದನ್ನು ಬಿಟ್ಟು, ಬಟ್ಟೆ ಮೈಗೆ ಎಲ್ಲಿ ತಾಗುತ್ತದೆ, ಯಾವ ನೂಲಿನದು ಎಂದು ನೋಡುವುದು ನನ್ನ ಪದ್ಧತಿ. ಒಳಉಡುಪು, ಬನಿಯನ್ನು, ಕಾಲುಚೀಲ ದಿನವೂ ಒಗೆಯಲೇಬೇಕು, ಅದರಲ್ಲಿ ಚರ್ಚೆಯಿಲ್ಲ. ಕಂಕುಳಿಗೆ ಅಂಟಿಕೊಂಡಿರುವ ಕುಪ್ಪಸ, ಟೀ ಶರ್ಟು ಸೆಕೆಗಾಲದಲ್ಲಿ ಒಂದೇ ದಿನದ್ದು. ಪಾಲಿಯೆಸ್ಟರ್ ಟೀ ಶರ್ಟು ಇನ್ನೂ ಬೇಗ ನಾರುತ್ತದೆ. ಬೆಲ್ಜಿಯಮ್ಮಿನ ಗೆಂಟ್ ವಿಶ್ವವಿದ್ಯಾಲಯದವರು 2014ರಲ್ಲಿ 26 ಜನರಿಗೆ ವ್ಯಾಯಾಮ ಮಾಡಿಸಿ ಅವರ ಅಂಗಿಗಳನ್ನು ಪರೀಕ್ಷಿಸಿದಾಗ, ಹತ್ತಿಗಿಂತ ಪಾಲಿಯೆಸ್ಟರ್ ಅಂಗಿಗಳ ವಾಸನೆ ಹೆಚ್ಚೆಂದೂ, ನಾತ ಹುಟ್ಟಿಸುವ ಒಂದು ಜಾತಿಯ ಬ್ಯಾಕ್ಟೀರಿಯಾ ಪಾಲಿಯೆಸ್ಟರಿನ ಮೇಲೆ ಚೆನ್ನಾಗಿ ಬೆಳೆಯುತ್ತದೆಂದೂ ಕಂಡುಕೊಂಡರು. ಕಡಿಮೆ ಒಗೆಯಬೇಕೆಂಬ ಆಸೆಯಿದ್ದರೆ ಮೊದಲು ಕೊಳ್ಳುವಾಗಲೇ ಹತ್ತಿಯನ್ನು ನೋಡಿ ಕೊಳ್ಳಬೇಕು. ಬೆಂಗಳೂರಿನ ಡಿಸೆಂಬರಿನಲ್ಲಿ ಆಫೀಸಿಗೆ ಹೋಗಿ ಬರುವವರ ಜೀನ್ಸ್ ಆರೇಳು ಸಲಕ್ಕೆ ಆರಾಮವಾಗಿ ಬರುತ್ತದೆ. ಅದೇ ಜೀನ್ಸ್ ಏಪ್ರಿಲ್‌ನಲ್ಲಿ ಬೈಕಿನ ಮೇಲೆ ಊಟ ಹಂಚುವ ಹುಡುಗನಿಗೆ ಎರಡು ದಿನ ಬಂದರೆ ಹೆಚ್ಚು. ಕರಾವಳಿಯ ಮಳೆಗಾಲದಲ್ಲಿ ಜೀನ್ಸ್ ತೊಡದಿರುವುದೇ ಮೇಲು, ಏಕೆಂದರೆ ಒಣಗದ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಅಂಥದ್ದು ಒಗೆದರೂ ಶುಚಿಯಲ್ಲ. ಒಗೆಯುವಾಗ ಒಳಮೈ ಹೊರಗೆ ಮಾಡಿ, ತಣ್ಣೀರಲ್ಲಿ, ಸೋಪಿನ ಪುಡಿ ಕಡಿಮೆ ಹಾಕಿ ಒಗೆದರೆ ಬಣ್ಣ ನಿಲ್ಲುತ್ತದೆ.

ಇಷ್ಟೆಲ್ಲ ಯೋಚನೆ ಒಂದು ಪ್ಯಾಂಟಿಗೆ ಬೇಕೇ ಎಂದು ಕೇಳುವವರಿಗೆ ಬೆಂಗಳೂರಿನ ನೀರನ್ನು ನೆನಪಿಸುತ್ತೇನೆ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಪಂಪಿನ ಮೇಲೆ ಪಂಪು ಹಾಕಿ ಎತ್ತಿ ತಂದ ಕಾವೇರಿಯಲ್ಲಿ ನಾವು ಕೊಳೆಯಿಲ್ಲದ ಬಟ್ಟೆಯನ್ನು ಜಾಲಿಸುತ್ತೇವೆ. 2024ರ ಮಾರ್ಚಿನಲ್ಲಿ ಕೊಳವೆಬಾವಿಗಳು ಬತ್ತಿದಾಗ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಮಾಡಬೇಕಾಯಿತು. ಬಟ್ಟೆಗೆ ಅಂಥ ಆದೇಶ ಯಾರೂ ಮಾಡಲಾರರು, ಮಾಡಲೂಬಾರದು. ಆದರೆ ಬೆಳ್ಳಂದೂರು, ವರ್ತೂರು ಕೆರೆಗಳಿಂದ ಎದ್ದು ರಸ್ತೆಗೆ ಹಾರಿದ ಬಿಳಿ ನೊರೆಯಲ್ಲಿ ನಮ್ಮ ಬಚ್ಚಲಿನ ಸೋಪಿನ ಪುಡಿಯೂ ಇತ್ತು.

ನಮ್ಮ ಬೀದಿಯಲ್ಲಿ ನಾಲ್ಕು ಮನೆಯ ಬಟ್ಟೆ ಕೈಯಲ್ಲಿ ಒಗೆಯುವ ಹೆಂಗಸೊಬ್ಬರು ಒಮ್ಮೆ ನನಗೆ ಅಂಗೈ ತೋರಿಸಿದರು. ಹೆಬ್ಬೆರಳ ಬುಡದಲ್ಲಿ ಚರ್ಮ ಬಿರುಕು ಬಿಟ್ಟಿತ್ತು, ಬೆರಳ ಸಂದಿ ಬೆಳ್ಳಗೆ ಕೊಳೆತಂತಿತ್ತು. "ಸೀರೆ, ಪಂಚೆ ಎಷ್ಟಾದ್ರೂ ಕೊಡ್ಲಿ ಅಕ್ಕ, ಜಾಲಿಸಿ ಹಾಕ್ಬಿಡ್ತೀನಿ. ಈ ಜೀನ್ಸ್ ಮೂರು ಬಂದ್ರೆ ರಾತ್ರಿ ರಟ್ಟೆ ಎತ್ತೋಕಾಗಲ್ಲ. ಕೊಳೆನೂ ಇರಲ್ಲ, ಸುಮ್ನೆ ಹಾಕ್ತಾರೆ" ಎಂದರು. ಒಗೆಯುವ ಲೆಕ್ಕದ ಕುರಿತು ನಾನು ಓದಿದ ಯಾವ ಸಲಹೆಯಲ್ಲೂ ಈ ಅಂಗೈ ಇರಲಿಲ್ಲ. ನೀರು, ವಿದ್ಯುತ್ತು, ಬಣ್ಣ, ಬ್ಯಾಕ್ಟೀರಿಯಾ ಎಲ್ಲವನ್ನೂ ಎಣಿಸಿದ್ದಾರೆ. ನಮ್ಮ ದೇಶದ ಎಷ್ಟೋ ಬಟ್ಟೆಯನ್ನು ಇನ್ನೂ ಕೈಯಲ್ಲೇ ಒಗೆಯುತ್ತಾರೆ, ಆ ಕೈ ಹೆಚ್ಚಾಗಿ ಹೆಣ್ಣಿನದು, ಬಟ್ಟೆಯನ್ನು ಬುಟ್ಟಿಗೆ ಎಸೆಯುವ ಕೈ ಬೇರೆಯವರದು. ಈ ದೂರ ಇರುವವರೆಗೆ ನಮ್ಮ ಮನೆಗಳಲ್ಲಿ ಹದ ಬರುವುದು ಕಷ್ಟ. ನನ್ನ ಮಗ ಹೈಸ್ಕೂಲು ಸೇರಿದ ವರ್ಷದಿಂದ ಅವನ ಜೀನ್ಸನ್ನು ಅವನೇ ಒಗೆಯುತ್ತಾನೆ. ಮೊದಲ ತಿಂಗಳಲ್ಲೇ ಬುಟ್ಟಿಗೆ ಬೀಳುವ ಪ್ಯಾಂಟು ಅರ್ಧಕ್ಕೆ ಇಳಿಯಿತು. ಮೈ ಶುಚಿಯಲ್ಲಿ ಏನೂ ಕಡಿಮೆಯಾಗಲಿಲ್ಲ.

ಬಾಲ್ಕನಿಯ ಗೋಡೆಗೆ ನಾಲ್ಕು ಗೂಟ ಹೊಡೆಸಿದ್ದೇವೆ. ಸಂಜೆ ಬಂದವರು ಪ್ಯಾಂಟನ್ನು ಒಳಮೈ ಹೊರಗೆ ಮಾಡಿ ಅಲ್ಲಿ ತೂಗುಹಾಕುತ್ತಾರೆ. ಊರಿನಿಂದ ಬಂದಿದ್ದ ಅಮ್ಮ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅಲ್ಲಿಗೆ ಬಂದವರು, ಮೊಮ್ಮಗನ ಜೀನ್ಸಿನ ಸೊಂಟದ ಪಟ್ಟಿಯನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿ, ಮೂಗಿನ ಹತ್ತಿರ ತಂದು, "ಇನ್ನೆರಡು ದಿನ ಬರ್ತದೆ" ಎಂದು ಮತ್ತೆ ಗೂಟಕ್ಕೆ ಹಾಕಿದರು.