ಕಾಲಯಂತ್ರ ಯಾರ ಬಾಗಿಲಿಗೆ ಇಳಿಯುತ್ತದೆ?

ನಮ್ಮ ಕಡೆ ಮನೆಮನೆಯಲ್ಲೂ ತೆಲುಗು ಚಾನೆಲ್ಲು. ದೇವದುರ್ಗ, ಮಾನ್ವಿ ಸೀಮೆಯಿಂದ ಬಂದು ರಾಯಚೂರಿನ ಬಾಡಿಗೆ ಖೋಲಿಯಲ್ಲಿ ಓದುತ್ತಿದ್ದ ನಾವು ನಾಲ್ಕು ಮಂದಿ 'ಆದಿತ್ಯ 369' ಅನ್ನು ಎಷ್ಟು ಸಲ ನೋಡಿದ್ದೇವೋ ಲೆಕ್ಕವಿಲ್ಲ. ಸಿಂಗೀತಂ ಶ್ರೀನಿವಾಸರಾವ್ 1991ರಲ್ಲಿ ತೆಗೆದ ಸಿನಿಮಾ ಅದು. ನಮಗೆ ಸಿಕ್ಕಿದ್ದು ಟಿವಿಯೊಳಗೆ. ಕಾಲಯಂತ್ರ ಹತ್ತಿದ ನಾಯಕ 1526ರ ವಿಜಯನಗರಕ್ಕೆ ಹೋಗಿ ಕೃಷ್ಣದೇವರಾಯನ ಆಸ್ಥಾನ ಸೇರುತ್ತಾನೆ. ನಾಯಕನೂ ಬಾಲಕೃಷ್ಣ, ರಾಯನೂ ಬಾಲಕೃಷ್ಣ. ಚಪ್ಪಾಳೆ ಹೊಡೆದವರಲ್ಲಿ ನಾವೂ ಇದ್ದೆವು, ಸುಳ್ಳು ಯಾಕೆ ಹೇಳಬೇಕು.

ರಜೆಗೆ ಊರಿಗೆ ಹೋದಾಗ ಅದೇ ಸಿನಿಮಾ ಬಂತು. ಪಕ್ಕದಲ್ಲಿ ಕುಂತಿದ್ದ ನಮ್ಮ ಆಯಿ ಕೇಳಿದಳು: "ಆ ಡಬ್ಬಿಯಾಗ ನಾವು ಕುಂತ್ರ ಎಲ್ಲಿ ಇಳಸ್ತದೋ ತಮ್ಮಾ? ಅರಮನಿ ಮುಂದೋ, ಕೇರಿ ಮುಂದೋ?"

ಡಿಗ್ರಿ ಓದಿದ ನಮಗೆ ಈ ಪ್ರಶ್ನೆ ಹೊಳೆದಿರಲಿಲ್ಲ.

ಕಾಲಪ್ರಯಾಣದ ಕಥೆ ಟಿವಿಗೆ ಕಷ್ಟ ಎನ್ನುವವರು ಬಹಳ. ಪ್ರತಿ ಕಾಲಕ್ಕೂ ಬೇರೆ ಸೆಟ್ಟು, ಬೇರೆ ಉಡುಪು. ಮೊದಲ ಕಂತಿನಲ್ಲಿ ಹಾಕಿದ ನಿಯಮ ಮೂವತ್ತನೆಯ ಕಂತಿನಲ್ಲೂ ಮುರಿಯಬಾರದು. ಹಿಂದಕ್ಕೆ ಹೋಗಿ ಅಜ್ಜನನ್ನೇ ಕೊಂದರೆ ಮೊಮ್ಮಗ ಹುಟ್ಟುವುದು ಹೇಗೆ ಎಂಬ ತೊಡಕು ಬೇರೆ. ಇವೆಲ್ಲ ಖರೆ. ಆದರೆ ಸೆಟ್ಟಿಗೆ ದುಡ್ಡು ಹಾಕಿದವನು ಸಿಂಹಾಸನವನ್ನೇ ಕಟ್ಟಿಸುತ್ತಾನೆ ಎಂಬುದನ್ನು ಯಾರೂ ತೊಡಕೆಂದು ಕರೆಯುವುದಿಲ್ಲ. (ಕೇರಿ ಕಟ್ಟಿಸಲು ಖರ್ಚೂ ಕಮ್ಮಿ!)

1526ಕ್ಕಿಂತ ಆರೇ ವರ್ಷ ಹಿಂದೆ, 1520ರಲ್ಲಿ, ಇದೇ ರಾಯ ನಮ್ಮ ರಾಯಚೂರಿಗಾಗಿ ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನ ಮೇಲೆ ಯುದ್ಧ ಮಾಡಿದ. ಆಗ ಗೆದ್ದ ಕೋಟೆಯ ಗೋಡೆಯಲ್ಲಿ ಒಂದು ಉದ್ದನೆಯ ಕಲ್ಲಿದೆ, ಹೆಚ್ಚುಕಮ್ಮಿ 41 ಅಡಿ. ಕಟ್ಟಿಸಿದವರ ಹೆಸರು, 1294ರ ಕಾಲ ಎಲ್ಲ ಅದರ ಮೇಲೆ ಕೊರೆದಿದೆ. ಕಲ್ಲನ್ನು ಬಂಡಿಯ ಮೇಲೆ ಎಳೆದು ತರುವ ಚಿತ್ರವೂ ಅಲ್ಲಿದೆ: ದನಗಳ ಸಾಲು, ಜತೆಗೆ ದುಡಿಯುವ ಆಳುಗಳು. ಆ ಆಳುಗಳ ಹೆಸರು ಬರೆದಿಲ್ಲ. ಯಂತ್ರ ಅಲ್ಲಿ ಇಳಿಯಲಿ ನೋಡೋಣ.

ಇಳಿದರೆ ಇನ್ನೊಂದು ಪೇಚು. ಕಿರೀಟ ಕಂಡರೆ ನೋಡುಗನಿಗೆ ಕಾಲ ತಿಳಿಯುತ್ತದೆ. ಬಾಗಿಲ ಹೊರಗೆ ನಿಂತವನನ್ನು ತೋರಿಸಿ ಇದು ಇಂಥ ಶತಮಾನ ಎಂದು ಹೇಳುವುದು ಹೇಗೆ? ಹಂಪಿಯಿಂದ ಹೊಳೆ ದಾಟಿದರೆ ಗಂಗಾವತಿ ತಾಲೂಕು. 1997ರವರೆಗೆ ಅದು ನಮ್ಮ ರಾಯಚೂರು ಜಿಲ್ಲೆಯೇ. ಆ ತಾಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಇಟ್ಟರು. ಕ್ಷೌರದಂಗಡಿಗೆ, ಹೋಟೆಲಿಗೆ ದಲಿತರನ್ನು ಬಿಡದಿದ್ದುದು ಅದರ ಹಿಂದಿನ ಕಥೆ. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಹಿಂದಿನ ಕಾಲಕ್ಕೆ ಹೋಗಲು ಅಲ್ಲಿಯವರಿಗೆ ಯಂತ್ರ ಬೇಕಿತ್ತೇನು?

ಆಯಿಯ ಪ್ರಶ್ನೆಯನ್ನು ಎದುರಿಸಿದ್ದು ಅಮೆರಿಕದ ಕಪ್ಪು ಲೇಖಕಿ ಆಕ್ಟೇವಿಯಾ ಬಟ್ಲರ್. ಆಕೆಯ 'ಕಿಂಡ್ರೆಡ್' 1979ರ ಕಾದಂಬರಿ. ಡೇನಾ ಎಂಬ ಕಪ್ಪು ಹೆಂಗಸು ಗುಲಾಮರ ಕಾಲದ ತೋಟಕ್ಕೆ ಇಳಿಯುತ್ತಾಳೆ. ಅಲ್ಲಿ ಯಂತ್ರವಿಲ್ಲ, ಟಿಕೇಟಿಲ್ಲ; ಕಾಲವೇ ಆಕೆಯನ್ನು ಜುಟ್ಟು ಹಿಡಿದು ಎಳೆಯುತ್ತದೆ. ಅಜ್ಜನನ್ನು ಕೊಲ್ಲುವ ಆ ಜಾಣರ ಒಗಟು ಇಲ್ಲಿ ರಕ್ತ ಸುರಿಸುತ್ತದೆ. ಆಕೆಯ ವಂಶದ ಮೂಲಪುರುಷ ಗುಲಾಮರ ಒಡೆಯ. ತಾನು ಹುಟ್ಟಬೇಕಾದರೆ ಆ ಒಡೆಯನ ಜೀವವನ್ನು ಆಕೆಯೇ ಕಾಯಬೇಕು. ಇದು 2022ರಲ್ಲಿ ಟಿವಿಗೆ ಬಂತು. ಎಂಟು ಕಂತು. ಮುಂದಿನ ಭಾಗಕ್ಕೆಂದು ಕಥೆ ಉಳಿಸಿಕೊಂಡರು, ಮುಂದಿನ ಭಾಗವೇ ಬರಲಿಲ್ಲ. ಟಿವಿಯ ದೊಡ್ಡ ರೋಗ ಇದು.

ಬಿಬಿಸಿಯ 'ಡಾಕ್ಟರ್ ಹೂ' 2018ರಲ್ಲಿ ರೋಸಾ ಪಾರ್ಕ್ಸ್ ಮೇಲೆ ಒಂದು ಕಂತು ಮಾಡಿತು. 1955ರ ಆ ಬಸ್ಸು ತುಂಬಿರಲೆಂದು ಕಾಲಪ್ರಯಾಣಿಕರೇ ಸೀಟಿನಲ್ಲಿ ಕುಂತಿರಬೇಕು. ಅವರ ಕಣ್ಣೆದುರೇ ರೋಸಾಗೆ ಏಳೆನ್ನುತ್ತಾರೆ. ಆ ಕುಂತಿರುವ ನಾಚಿಕೆಯನ್ನು ತೋರಿಸಿದ್ದು ಪ್ರಾಮಾಣಿಕ. ಆದರೆ ಇಡೀ ಚರಿತ್ರೆ ಒಂದು ಸೀಟಿಗೆ ಜೋತುಬಿದ್ದಂತೆ ಕಾಣಿಸಿದ್ದು ತಪ್ಪು. ರೋಸಾ ಮೊದಲೇ ಸಂಘಟನೆಯ ಕಾರ್ಯದರ್ಶಿ. ಅಲ್ಲಿಯ ಜನ 381 ದಿನ ಬಸ್ಸು ಹತ್ತಲಿಲ್ಲ.

ನಾಳೆ ನಮ್ಮ ಚಾನೆಲ್ಲಿನವರು ಯಂತ್ರವನ್ನು 1927ರ ಮಹಾಡಕ್ಕೆ ಒಯ್ದಾರು. ಚೆಂದದ ನಾಯಕನೊಬ್ಬ ಚವದಾರ್ ಕೆರೆಗೆ ಇಳಿದು ಬಾಬಾಸಾಹೇಬರಿಗೆ ನೀರು ಮೊಗೆದು ಕೊಡುವ ದೃಶ್ಯವನ್ನೂ ಬರೆದಾರು. ಅದನ್ನು ಬರೆಯಗೊಡಬಾರದು ಗೆಳೆಯರೆ. ಆ ಬೊಗಸೆ ಬಾಬಾಸಾಹೇಬರದು.

ಆಯಿಗೆ ಡೇನಾಳ ಕಥೆ ಹೇಳಿದೆವು.

"ಆಕಿ ತಿರುಗಿ ಬಂದ್ಳೇನೋ?"

ಬಂದಳು, ಒಂದು ಕೈ ಕಳಕೊಂಡು ಬಂದಳು ಎಂದೆವು.

"ಯಾವ ಕೈ?"

ಎಡಗೈ.

"ಹಂಗಾರ ದುಡಕೊಂಡು ತಿಂತಾಳ ಬಿಡು" ಎಂದು ಆಯಿ ಎದ್ದು ಒಲೆ ಕಡೆ ಹೋದಳು.