ಓದುವ ಹೆಣ್ಣು: ಪ್ಯಾರಿಸ್ಸಿನಲ್ಲಿ, ಆಷ್ಟಾದಲ್ಲಿ

1881ರ ಡಿಸೆಂಬರಿನಲ್ಲಿ ‘ಜಿಲ್ ಬ್ಲಾ’ ಪತ್ರಿಕೆಯಲ್ಲಿ ಫ್ರೆಂಚ್ ಕಥೆಗಾರ ಮೊಪಾಸಾನ ‘ಪ್ಯಾರಿಸ್ಸಿನ ಒಂದು ಸಾಹಸ’ ಎಂಬ ಕಥೆ ಬಂತು. ಹಳ್ಳಿಗಾಡಿನ ಊರೊಂದರ ಗೃಹಿಣಿ, ರಾತ್ರಿ ಗಂಡನ ಗೊರಕೆ ಕೇಳುತ್ತ, ಪತ್ರಿಕೆಗಳಲ್ಲಿ ಓದಿದ ಪ್ಯಾರಿಸ್ಸನ್ನು ಕಣ್ಣ ಮುಂದೆ ಕಟ್ಟಿಕೊಳ್ಳುತ್ತಾಳೆ. ನೆಪ ಹೂಡಿ ಹೋಗುತ್ತಾಳೆ. ಹೆಸರಾಂತ ಸಾಹಿತಿಯೊಬ್ಬನ ಜೊತೆ ಒಂದು ರಾತ್ರಿ ಕಳೆಯುತ್ತಾಳೆ. ಬೆಳಗಾದರೆ ಅವನೂ ಬೊಜ್ಜಿನ, ಗೊರಕೆಯ ಗಂಡಸೇ. ಹೊರಗೆ ಜಾಡಮಾಲಿಗಳು ಬೀದಿ ಗುಡಿಸುತ್ತಿರುತ್ತಾರೆ.

ಕಥೆಯ ಕಟ್ಟು ಬಿಗಿ, ನಿಜ. ಆದರೆ ಓದಿದ ಹೆಣ್ಣು ಮೋಸಹೋಗಲೇಬೇಕು ಎಂಬ ತೀರ್ಪು ಮೊದಲೇ ಆಗಿಬಿಟ್ಟಿದೆ. 1857ರಲ್ಲಿ ಪುಸ್ತಕವಾಗಿ ಬಂದ ಫ್ಲೋಬೇರನ ‘ಮದಾಂ ಬೊವಾರಿ’ಯ ಎಮ್ಮಾಳಿಗೂ ಅದೇ ಗತಿ. ಆ ಶತಮಾನದ ಅಗ್ಗದ ಪತ್ರಿಕೆ, ರೈಲು, ದೊಡ್ಡ ಅಂಗಡಿಗಳೆಲ್ಲ ಓದುವ ಹೆಣ್ಣಿನ ಆಸೆಯನ್ನು ಕೆರಳಿಸಿದವು. ಅವಳ ಬುದ್ಧಿಯನ್ನು ಕಥೆಗಾರರು ನಂಬಲಿಲ್ಲ. ನನಗೆ ಹೆಚ್ಚು ಪ್ರಿಯಳು ಫ್ಲೋಬೇರನ ಫೆಲಿಸಿತೆ, 1877ರ ‘ಸರಳ ಹೃದಯ’ದ ಮನೆಗೆಲಸದವಳು. ಹವಾನಾಕ್ಕೆ ಹೋದ ಸೋದರಿಯ ಮಗನನ್ನು ನೆನೆದು, ನಕ್ಷೆಯಲ್ಲಿ ಅವನಿರುವ ಮನೆ ತೋರಿಸಿ ಎನ್ನುತ್ತಾಳೆ. ನಕ್ಷೆ ತೋರಿಸಿದವನು ನಗುತ್ತಾನೆ. ಅವಳ ಪ್ರೀತಿಯ ಮುಂದೆ ಆ ನಗು ಎಷ್ಟು ಸಣ್ಣದು!

ಓದಿದ ಹೆಣ್ಣಿಗೆ ಬೇರೆ ಗತಿಯೂ ಉಂಟು ಎನ್ನಲು ನಮ್ಮ ಪಕ್ಕದಲ್ಲೇ ಒಬ್ಬರಿದ್ದರು. ಮಿರಜದಿಂದ ಸಾಂಗ್ಲಿ ದಾಟಿ ಇಸ್ಲಾಂಪುರದ ದಾರಿ ಹಿಡಿದರೆ ಆಷ್ಟಾ ಸಿಗುತ್ತದೆ. 1861ರಲ್ಲಿ ಮರಾಠಿ ಲೇಖಕಿ ಕಾಶೀಬಾಯಿ ಕಾನಿಟ್ಕರ್ ಹುಟ್ಟಿದ ಊರು. ಶಾಲೆ ಕಂಡವರಲ್ಲ, ಒಂಬತ್ತಕ್ಕೆ ಮದುವೆ. ಅಕ್ಷರ ಒಲಿದದ್ದು ಆಮೇಲೆ. ಮೊಪಾಸಾ ತನ್ನ ನಾಯಕಿಗೆ ನಿರಾಸೆ ಬರೆದ ವರ್ಷ ಕಾಶೀಬಾಯಿಗೆ ಇಪ್ಪತ್ತು. ಓದು ಈಕೆಯನ್ನು ಬೀದಿಪಾಲು ಮಾಡಲಿಲ್ಲ, ಲೇಖಕಿಯಾಗಿಸಿತು. ಕಾದಂಬರಿ ಬರೆದರು, ‘ಚಾಂದಣ್ಯಾತೀಲ ಗಪ್ಪಾ’ ಎಂಬ ಕಥಾಸಂಕಲನ ತಂದರು, ಡಾಕ್ಟರ್ ಆನಂದೀಬಾಯಿ ಜೋಶಿಯವರ ಜೀವನಚರಿತ್ರೆ ರಚಿಸಿದರು. ಮರಾಠಿ ಕಾದಂಬರಿಕಾರ ಹರಿ ನಾರಾಯಣ ಆಪ್ಟೆಯವರಿಗೆ ಸಾಹಿತ್ಯದ ಗೆಳತಿಯೂ ಆಗಿದ್ದರು.

ಆಪ್ಟೆ ನಮಗೆ ಹೊಸಬರಲ್ಲ. ಗಳಗನಾಥರ ಅನುವಾದಗಳ ಮೂಲಕ ಅವರ ಕಾದಂಬರಿಗಳು ಕನ್ನಡದ ಮನೆಗಳನ್ನು ಹೊಕ್ಕವು. ಓದುವ ಹೆಣ್ಣುಮಕ್ಕಳ ಕೈಗೂ ಬಂದವು. ಕೆಲ ವರ್ಷಗಳಲ್ಲೇ ಕನ್ನಡ ಲೇಖಕಿ ನಂಜನಗೂಡು ತಿರುಮಲಾಂಬ ತಾವೇ ಪ್ರಕಾಶಕಿಯೂ ಆದರು. ಕಾಶೀಬಾಯಿ, ತಿರುಮಲಾಂಬರನ್ನು ಓದಿದ ಮೇಲೆ ಮೊಪಾಸಾನ ಆ ತೀರ್ಪು ನನಗೆ ಒಪ್ಪಿಗೆಯಾಗುವುದಿಲ್ಲ.

ಮಿರಜ, ಸಾಂಗ್ಲಿ, ಜತ್ತದ ಮನೆಗಳಲ್ಲಿ ಕನ್ನಡ ಮಾತಾಡಿ ಮರಾಠಿ ಓದುವ ಹೆಣ್ಣುಮಕ್ಕಳು ಬೇಕಾದಷ್ಟಿದ್ದಾರೆ. ನೀವೂ ಅವರಲ್ಲೊಬ್ಬರಾಗಿದ್ದರೆ, ಕಾಶೀಬಾಯಿಯವರ ಒಂದು ಕಥೆಯನ್ನಾದರೂ ಕನ್ನಡಕ್ಕೆ ತನ್ನಿ.